ಹೊಳೆಗುಂಟ ಐಹೊಳೆಗೆ

ಸುಮಾತ್ರಾ ದ್ವೀಪದ ಪಡುವಣ ಕರಾವಳಿಯಲ್ಲಿ ಬಾರುಸ್ ಎಂಬ ಹಳೆಯ ರೇವುಪಟ್ಟಣವಿದೆ. ಒಂದು ಕಾಲಕ್ಕೆ ಅಲ್ಲಿಯ ಕರ್ಪೂರಕ್ಕೆ ದೂರದೂರದ ದೇಶಗಳಲ್ಲಿ ಗಿರಾಕಿಗಳಿದ್ದರು. ಅದರ ಹತ್ತಿರದ ಲೋಬು ತುವಾ ಎಂಬಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಹಡಗಿನ ನಾಯಕರೂ ಕೆಲಸಗಾರರೂ ಕಸ್ತೂರಿಯ ಬೆಲೆಗೆ ತಕ್ಕಷ್ಟು ಚಿನ್ನವನ್ನು ಸುಂಕವಾಗಿ ಕೊಡಬೇಕೆಂಬ ಕಟ್ಟಳೆ ಅದರಲ್ಲಿದೆ. ಕಟ್ಟಳೆ ಮಾಡಿದವರು ಅರಸರಲ್ಲ, ವ್ಯಾಪಾರಿಗಳು: ಸಾವಿರ ದಿಕ್ಕುಗಳ ಐನೂರ್ವರು. ಕನ್ನಡ ನಾಡಿನ ಶಾಸನಗಳು ಇದೇ ಸಂಘವನ್ನು ಅಯ್ಯಾವೊಳೆ ಐನೂರ್ವರು ಎಂದು ಕರೆಯುತ್ತವೆ. ಆ ಅಯ್ಯಾವೊಳೆಯೇ ಇಂದಿನ ಐಹೊಳೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯಲ್ಲಿರುವ ಒಂದು ಹಳ್ಳಿ.

ಬಾದಾಮಿಗೆ ಬಂದವರಿಗೆ ಐಹೊಳೆ ಸಾಮಾನ್ಯವಾಗಿ ದಿನದ ಕೊನೆಯ ಊರು. ಬೆಳಿಗ್ಗೆ ಬಾದಾಮಿಯ ಮೇಣಬಸದಿ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಬಿಸಿಲು ಇಳಿಯುವ ಹೊತ್ತಿಗೆ ಐಹೊಳೆ, ಕತ್ತಲಾಗುವುದರೊಳಗೆ ವಾಪಸು. ಗಾಡಿಯವರು ಹೇಳುವುದೂ ಇದನ್ನೇ, ಬಂದವರು ಕೇಳುವುದೂ ಇದನ್ನೇ. ಈ ಓಟದಲ್ಲಿ ಗುಡಿಗಳು ಸಿಗುತ್ತವೆ, ಊರು ಸಿಗುವುದಿಲ್ಲ. ಹೊಳೆಯಂತೂ ಕಣ್ಣಿಗೇ ಬೀಳುವುದಿಲ್ಲ. ಐಹೊಳೆಯನ್ನು ಊರಾಗಿ ನೋಡಬೇಕೆಂದರೆ ಅಲ್ಲಿಗೆ ಹೊಳೆಗುಂಟ ಬರಬೇಕು, ಪಯಣವನ್ನು ದಂಡೆಯ ಮೇಲಿನ ಮಠ ಶಿವಯೋಗ ಮಂದಿರದಿಂದ ಶುರು ಮಾಡಬೇಕು.

ಬಾದಾಮಿಯಿಂದ ಬನಶಂಕರಿ, ಅಲ್ಲಿಂದ ಚೊಳಚಗುಡ್ಡ. ಕೆಂಪು ಬಂಡೆಗಳ ಒಣ ಸೀಮೆ ಹಿಂದಾಗಿ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳು ಕಾಣತೊಡಗಿದರೆ ನೀರು ಹತ್ತಿರ ಬಂತೆಂದು ತಿಳಿಯಬೇಕು. ಬನದ ಹುಣ್ಣಿಮೆಯ ಸುಮಾರಿಗೆ ಹೋದವರಿಗೆ ಬನಶಂಕರಿಯ ಜಾತ್ರೆಯೂ ಸಿಗುತ್ತದೆ. ತೇರು ಎಳೆದ ಮೇಲೂ ವಾರಗಟ್ಟಲೆ ಮುಗಿಯದ ಜಾತ್ರೆ ಅದು. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆದು, ರಾತ್ರಿಯಿಡೀ ಆಟ ಆಡುವುದು ಈ ಜಾತ್ರೆಯ ದೊಡ್ಡ ಸೆಳೆತ. ಉತ್ತರ ಕರ್ನಾಟಕದ ಕಂಪನಿ ನಾಟಕ ಇನ್ನೂ ಉಸಿರಾಡುತ್ತಿರುವುದರಲ್ಲಿ ಬನಶಂಕರಿಯ ಪಾಲು ಸಣ್ಣದಲ್ಲ. ಈ ನಟರ ಮಾತು ಮುಂದೆ ಪಟ್ಟದಕಲ್ಲಿನಲ್ಲಿ ಮತ್ತೆ ಬರುತ್ತದೆ.

ಶಿವಯೋಗ ಮಂದಿರಕ್ಕೆ ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಬೇಕು. ಮರಗಳ ನೆರಳು, ಮಠದ ಕಟ್ಟಡಗಳು, ಹಿಂದೆ ಮಲಪ್ರಭೆ. ನೂರು ವರ್ಷ ದಾಟಿದ ಈ ಸಂಸ್ಥೆಯನ್ನು 1909ರಲ್ಲಿ ಸ್ಥಾಪಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದವರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಶುರುವಾಗಲು ಕಾರಣರಾದವರೂ ಅವರೇ. ಮಠದ ಪೀಠದಲ್ಲಿ ಕೂರುವವನು ಮೊದಲು ಓದಿರಬೇಕು, ಸಾಧನೆ ಮಾಡಿರಬೇಕು, ಸಮಾಜದ ಕಷ್ಟ ಸುಖ ತಿಳಿದಿರಬೇಕು ಎಂಬುದು ಅವರ ನಿಲುವು. ಆಗ ಅದು ದೊಡ್ಡ ಮಾತು. ಊರೂರಿನ ಮಠಗಳಿಗೆ ಮರಿಸ್ವಾಮಿಗಳನ್ನು ತಯಾರು ಮಾಡುವ ಶಾಲೆ ಬೇಕೆಂದು ಅವರು ಜಾಗ ಹುಡುಕಿದಾಗ ಸಿಕ್ಕಿದ್ದು ಹೊಳೆಯ ಈ ತಿರುವು. ಇಳಕಲ್ಲಿನ ವಿಜಯಮಹಾಂತ ಶಿವಯೋಗಿಗಳು ಈ ಕೆಲಸದಲ್ಲಿ ಅವರ ಜೊತೆಗಿದ್ದುದನ್ನು ಭಕ್ತರು ಈಗಲೂ ನೆನೆಯುತ್ತಾರೆ.

ನಸುಕಿನಲ್ಲಿ ಏಳುವುದು, ಮೀಯುವುದು, ಇಷ್ಟಲಿಂಗ ಪೂಜೆ, ಸಂಸ್ಕೃತ ಪಾಠ, ಯೋಗ, ವಚನ, ಸಂಗೀತ. ವಟುಗಳ ದಿನ ಹೀಗೆ ಸಾಗುತ್ತದೆ. ಇಲ್ಲಿ ಕಲಿತು ಹೋದವರಲ್ಲಿ ಒಬ್ಬರು ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯ ಬೀದರಿನಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾಗಿದ್ದ ಕಾಲಕ್ಕೆ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಗಡಿಯ ಆ ಜಿಲ್ಲೆಯಲ್ಲಿ ಕನ್ನಡ ಉಳಿದ ಕತೆ ಹೇಳುವವರು ಮಲಪ್ರಭೆಯ ದಂಡೆಯ ಈ ಪಾಠಶಾಲೆಯನ್ನೂ ನೆನೆಯಬೇಕು.

ಇನ್ನಿಬ್ಬರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರು, ಗದಿಗೆಯ್ಯ ಮತ್ತು ಗುರುಬಸಯ್ಯ. ಹುಟ್ಟಿನಿಂದಲೇ ಇಬ್ಬರಿಗೂ ಕಣ್ಣಿರಲಿಲ್ಲ. ಅವರ ಹಾಡು ಕೇಳಿದ ಕುಮಾರ ಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಬಂದು ಸಂಗೀತ ಕಲಿಸಿದರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿ ಆದದ್ದು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತ ಆ ಸಂಗೀತಶಾಲೆಯಿಂದ ಪುಟ್ಟರಾಜ ಗವಾಯಿಗಳು ಬಂದರು, ಬಸವರಾಜ ರಾಜಗುರು ಬಂದರು. ಇವತ್ತಿಗೂ ಉತ್ತರ ಕರ್ನಾಟಕದ ಯಾವುದೋ ಹಳ್ಳಿಯ ಪುರಾಣ, ಭಜನೆಯಲ್ಲಿ ಪೇಟಿಗೆ ಕೂತವನನ್ನು ಯಾರ ಶಿಷ್ಯನೆಂದು ಕೇಳಿದರೆ ಗದಗಿನ ಹೆಸರು ಬರುವುದು ಅಪರೂಪವಲ್ಲ. ಅದರ ಬೇರು ಇಲ್ಲಿದೆ. 1930ರಲ್ಲಿ ಲಿಂಗೈಕ್ಯರಾದ ಕುಮಾರ ಸ್ವಾಮಿಗಳ ಗದ್ದುಗೆ ಮಂದಿರದ ಆವರಣದಲ್ಲೇ ಇದೆ. ಬಂದವರು ಅಲ್ಲಿ ಹಣೆ ಹಚ್ಚಿ, ಪ್ರಸಾದ ಮುಗಿಸಿಯೇ ಹೊರಡುತ್ತಾರೆ.

ಹೊರಡುವ ಮುಂಚೆ ನೋಡಲೇಬೇಕಾದದ್ದು ವಿಭೂತಿ ಮಾಡುವ ಕೆಲಸ. ಶಿವಯೋಗ ಮಂದಿರದ ವಿಭೂತಿಯೆಂದರೆ ಈ ಭಾಗದ ಮನೆಮನೆಯ ಜಗುಲಿಯ ಮೇಲೆ ಇರುವಂಥದ್ದು. ಗೋಶಾಲೆಯ ಆಕಳ ಸಗಣಿಯಿಂದ ಅದು ಶುರುವಾಗುತ್ತದೆ. ಸಗಣಿಯನ್ನು ತಟ್ಟಿ ಒಣಗಿಸಿ ಸುಡಬೇಕು. ಬಂದ ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಕಸರು ತೆಗೆಯಬೇಕು. ಸೋಸಿದ ನೀರನ್ನು ಅಲುಗಾಡಿಸದೆ ಬಿಟ್ಟರೆ ನುಣ್ಣನೆಯ ಬೂದಿ ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಸಿದರೆ ಉಳಿಯುವುದು ಕಣಕದ ಹದದ ಮುದ್ದೆ. ಅದನ್ನು ಕೈಯಲ್ಲಿ ಒತ್ತಿ, ಗಟ್ಟಿ ಕಟ್ಟಿ, ಒಣಗಲು ಇಡುತ್ತಾರೆ. ಹಸಿಯಿದ್ದಾಗ ಮಂಕಾದ ಬೂದುಬಣ್ಣ, ಒಣಗಿದಂತೆ ಬಿಳುಪು. ಬೆರಳಿಗೆ ನೀರು ತಾಗಿಸಿ, ಗಟ್ಟಿಯ ಮೇಲೆ ಉಜ್ಜಿ, ಹಣೆಗೆ ಮೂರು ಎಳೆ ಎಳೆದರೆ ಮೊದಲು ಏನೂ ಕಾಣುವುದಿಲ್ಲ. ನೀರು ಆರಿದ ಮೇಲೆ ಬಿಳಿ ಎಳೆಗಳು ಒಂದೊಂದೇ ಮೂಡುತ್ತವೆ. ಇದರಲ್ಲಿ ಯಂತ್ರಕ್ಕಿಂತ ಕೈ ಹೆಚ್ಚು, ಕೈಗಿಂತ ಕಾಯುವುದು ಹೆಚ್ಚು.

ಮಂದಿರದ ಹಿಂದಿನ ದಂಡೆಗೆ ಇಳಿದರೆ ಮಲಪ್ರಭೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಳೆ ಸುರಿಯುವ ಕಾಡಿನಲ್ಲಿ ಹುಟ್ಟಿ, ಬಯಲುಸೀಮೆಗೆ ಬಂದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ. ಉದ್ದ ಸುಮಾರು 300 ಕಿಲೋಮೀಟರು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಇಲ್ಲಿಯ ಹರಿವಿನ ಲೆಕ್ಕ ಬದಲಾಯಿತು. ಬೇಸಿಗೆಯಲ್ಲಿ ಹೊಳೆಯ ಪಾತ್ರ ಗುಂಡಿಗುಂಡಿಯಾಗಿ ನಿಂತ ನೀರು, ಜಾಲಿ, ಒತ್ತುವರಿಯಾದ ಹೊಲ. ಅಣೆಕಟ್ಟು ತುಂಬಿ ಗೇಟು ತೆರೆದ ವರ್ಷ ಇದೇ ಹೊಳೆ ಊರಿಗೆ ನುಗ್ಗುತ್ತದೆ. 2009ರ ಅಕ್ಟೋಬರಿನ ನೆರೆಯ ಬಳಿಕ ಸರಕಾರ ಕಟ್ಟಿದ ಆಸರೆ ಮನೆಗಳ ಸಾಲುಗಳನ್ನು ಈ ಭಾಗದ ಎತ್ತರದ ಜಾಗಗಳಲ್ಲಿ ಕಾಣಬಹುದು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ಬಂತು. ಮರಳು ತೆಗೆದು, ದಂಡೆ ಒತ್ತಿ, ಪಾತ್ರವನ್ನು ಕಿರಿದು ಮಾಡಿದ್ದರ ಪಾಲು ಇದರಲ್ಲಿದೆ ಎಂಬ ಮಾತು ದಂಡೆಯ ರೈತರ ಬಾಯಲ್ಲೂ ಇದೆ, ಪತ್ರಿಕೆಗಳಲ್ಲೂ ಬಂದಿದೆ. ಹೊಳೆ ಸಣ್ಣದಾದಷ್ಟೂ ನೆರೆ ದೊಡ್ಡದಾಗುತ್ತದೆ.

ಹೊಳೆ ಇಳಿದಂತೆ ಪಟ್ಟದಕಲ್ಲು. ಹಳೆಯ ಹೆಸರು ಕಿಸುವೊಳಲ್. ಇಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಇದು ಪುಣ್ಯದ ಜಾಗವಾಯಿತು, ಬಾದಾಮಿಯ ಚಾಲುಕ್ಯರಿಗೆ ಪಟ್ಟ ಕಟ್ಟುವ ಜಾಗವಾಯಿತು. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹುಲ್ಲುಹಾಸು, ಬೇಲಿ, ಟಿಕೇಟು ಎಲ್ಲ ಬಂದವು. ಇಲ್ಲಿಯ ಗುಡಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಚಾಲುಕ್ಯ ಅರಸ ವಿಜಯಾದಿತ್ಯ ಕಟ್ಟಿಸಲು ತೊಡಗಿದ ಸಂಗಮೇಶ್ವರ, ಅಕ್ಕತಂಗಿಯರಾದ ಇಬ್ಬರು ರಾಣಿಯರ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ, ಉತ್ತರದ ಶಿಖರವೂ ದಕ್ಷಿಣದ ಶಿಖರವೂ ಒಂದೇ ಅಂಗಳದಲ್ಲಿ ನಿಂತ ಬಗೆ. ಅದನ್ನು ಮತ್ತೆ ಹೇಳುವ ಬದಲು ಹೆಸರುಗಳನ್ನು ಹುಡುಕುತ್ತ ಹೋದರೆ ಪಟ್ಟದಕಲ್ಲು ಬೇರೆಯೇ ಆಗಿ ಕಾಣುತ್ತದೆ.

ವಿರೂಪಾಕ್ಷದ ಮೊದಲ ಹೆಸರು ಲೋಕೇಶ್ವರ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದದ್ದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದನ್ನು ಕಟ್ಟಿದವನ ಹೆಸರು ಗುಂಡ. ಅನಿವಾರಿತಾಚಾರಿ ಎಂಬುದು ಅವನ ಇನ್ನೊಂದು ಹೆಸರು, ತ್ರಿಭುವನಾಚಾರ್ಯ ಎಂಬುದು ಅರಸು ಕೊಟ್ಟ ಬಿರುದು. ಗುಡಿಯ ಶಾಸನ ಅರಸನ ಗೆಲುವನ್ನು ಹೇಳಿ ಸುಮ್ಮನಾಗುವುದಿಲ್ಲ. ಈ ಶಿಲ್ಪಿಗೆ ಸಂದ ಗೌರವವನ್ನೂ ಹೇಳುತ್ತದೆ. ಇದೇ ಗುಡಿಯಲ್ಲಿ ಸರ್ವಸಿದ್ಧಿ ಆಚಾರಿಯ ಹೊಗಳಿಕೆಯಿದೆ. ಮೂರ್ತಿಯ ಪಕ್ಕದಲ್ಲಿ ಬಲದೇವನಂಥ ಶಿಲ್ಪಿಗಳ ಸಹಿಯಿದೆ. ಪಾಪನಾಥ ಗುಡಿಯ ಗೋಡೆಯ ಮೇಲೆ ರೇವಡಿ ಓವಜ್ಜನ ಹೆಸರಿದೆ. ಊರಿನ ಸಮೀಪದ ಕಲ್ಲುಗಣಿಗಳಲ್ಲೂ ಆಗಿನ ಕೆಲಸಗಾರರು ಗೀರಿದ ಚಿತ್ರ, ಹೆಸರುಗಳು ಉಳಿದಿವೆ. ಭಾರತದ ಎಷ್ಟೋ ದೊಡ್ಡ ಗುಡಿಗಳನ್ನು ಯಾರು ಕಟ್ಟಿದರೆಂದು ಗೊತ್ತಿಲ್ಲ, ಯಾರು ಕಟ್ಟಿಸಿದರೆಂದಷ್ಟೇ ಗೊತ್ತು. ಮಲಪ್ರಭೆಯ ದಂಡೆಯಲ್ಲಿ ಉಳಿ ಹಿಡಿದ ಕೈಗೂ ಹೆಸರಿದೆ.

ವಿರೂಪಾಕ್ಷದ ಶಾಸನವೊಂದು ಅಚಲನೆಂಬ ನಟನನ್ನು ಹೊಗಳುತ್ತದೆ. ಭರತನ ಶಾಸ್ತ್ರವನ್ನು ಅನುಸರಿಸಿ ಕುಣಿದವನು, ಎದುರಾಳಿ ನಟರ ಸೊಕ್ಕು ಮುರಿದವನು. ಇನ್ನೊಂದು ಶಾಸನದಲ್ಲಿ, ಹಾಡುವವರಿಗೆ ವಿಜಯಾದಿತ್ಯ ಹಿಂದೆ ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿ ಮತ್ತೆ ಖಾಯಂ ಮಾಡುತ್ತಾಳೆ. ಎಂಟನೆಯ ಶತಮಾನದಲ್ಲಿ ಗಾಯಕರ ಹಕ್ಕನ್ನು ಕಲ್ಲಿನ ಮೇಲೆ ಬರೆಸಿದ ಈ ಜಾಗದಿಂದ ಹೊಳೆಗೆದುರಾಗಿ ಸ್ವಲ್ಪ ದೂರ ಹೋದರೆ ಕಾಡಶೆಟ್ಟಿಹಳ್ಳಿಯ ಅಂಧ ಹುಡುಗರಿಗೆ ನೆಲೆ ಸಿಕ್ಕ ಮಂದಿರ, ಅದಕ್ಕೂ ಆಚೆ ನಾಟಕ ಕಂಪನಿಗಳ ಬನಶಂಕರಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವಂತಿಲ್ಲ, ನಡುವೆ ಸಾವಿರದ ಇನ್ನೂರು ವರ್ಷಗಳಿವೆ. ಆದರೆ ಹಾಡುವವರನ್ನೂ ಆಡುವವರನ್ನೂ ಸಾಕಿದ ಸೀಮೆ ಇದು ಎಂಬುದರಲ್ಲಿ ಅನುಮಾನವಿಲ್ಲ.

ಬಾದಾಮಿಯಿಂದ ಬೆಟ್ಟದ ಮೇಲಿನ ಕಾಲುದಾರಿಯಲ್ಲಿ ಮಹಾಕೂಟಕ್ಕೆ ಇಳಿದವರು ಅಲ್ಲಿಯೂ ಇಂಥದೊಂದು ಹೆಸರನ್ನು ಕಾಣಬಹುದು: ವಿನಾಪೋಟಿ, ಅರಸ ವಿಜಯಾದಿತ್ಯನ ಪ್ರಾಣವಲ್ಲಭೆ. ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮಾಡಿಸಿ, ಹೊಲವನ್ನೂ ಕೊಟ್ಟವಳು. ಶಾಸನದಲ್ಲಿ ಅವಳ ತಾಯಿಯ ಹೆಸರಿದೆ, ತಾಯಿಯ ತಾಯಿಯ ಹೆಸರಿದೆ. ತಂದೆಯ ಹೆಸರಿಲ್ಲ.

ಪಟ್ಟದಕಲ್ಲಿನಿಂದ ಐಹೊಳೆಗೆ 13-14 ಕಿಲೋಮೀಟರು. ನಡುವೆ ಸಿದ್ದನಕೊಳ್ಳ. ಬಂಡೆಗಳ ನಡುವಿನ ತಗ್ಗು, ನೀರಿನ ಹೊಂಡ, ಸಿದ್ಧೇಶ್ವರನ ಗುಡಿ, ಬಂಡೆಯಲ್ಲಿ ಲಜ್ಜಾಗೌರಿಯ ಮೂರ್ತಿ. ಇಲ್ಲಿಯ ಮಠದಲ್ಲಿ ದಾಸೋಹ ನಿಲ್ಲುವುದಿಲ್ಲ. ಹಸಿದು ಬಂದವರು ಜಾತಿ, ಊರು ಹೇಳದೆ ಉಣ್ಣಬಹುದು. ಮಠಕ್ಕೆ ಕಲಾಪೋಷಕರ ಮಠವೆಂಬ ಹೆಸರೂ ಇದೆ, ಜಾತ್ರೆಗೆ ನಾಟಕದವರೂ ಸಿನಿಮಾದವರೂ ಬರುತ್ತಾರೆ.

ಐಹೊಳೆ ಊರಿಗೆ ಊರೇ ಕೋಟೆಯ ಒಳಗೆ ಇದ್ದದ್ದು. ದೊಡ್ಡ ಕಲ್ಲುಗಳ ಆ ಗೋಡೆ ಅಲ್ಲಲ್ಲಿ ಇನ್ನೂ ನಿಂತಿದೆ. ಒಳಗೆ, ಹೊರಗೆ, ಹೊಲಗಳಲ್ಲಿ, ಗುಡ್ಡದ ಮೇಲೆ ನೂರಕ್ಕೂ ಹೆಚ್ಚು ಗುಡಿಗಳು. ಎಲ್ಲರೂ ಮೊದಲು ಹೋಗುವುದು ದುರ್ಗದ ಗುಡಿಗೆ. ಆನೆಯ ಹಿಂಬದಿಯಂತೆ ದುಂಡಾದ ಬೆನ್ನಿನ ಆ ಗುಡಿಯನ್ನು ಕೋಟೆಯ ಪಕ್ಕದಲ್ಲಿದ್ದುದಕ್ಕೆ ಜನ ಹಾಗೆ ಕರೆದರು. ಶಾಸನದ ಪ್ರಕಾರ ಅದು ಸೂರ್ಯನ ಗುಡಿ, ಕಟ್ಟಿಸಿದವನು ಕೋಮಾರಸಿಂಗ. ಅರಸನೇನೂ ಅಲ್ಲ.

ಅದರ ಪಕ್ಕದ ಗುಡಿಗೆ ಲಾಡಖಾನ್ ಎಂದು ಹೆಸರು. ಒಳಗೆ ಮನೆ ಮಾಡಿಕೊಂಡಿದ್ದ ಮುಸ್ಲಿಮ್ ಗೃಹಸ್ಥನೊಬ್ಬನ ಹೆಸರು ಅದು. ಇಲ್ಲಿ ತಲೆ ಎತ್ತಿ ನೋಡಬೇಕು. ಇಳಿಜಾರಾದ ಚಾವಣಿಗೆ ದೊಡ್ಡ ಕಲ್ಲುಚಪ್ಪಡಿ ಹಾಸಿದ್ದಾರೆ. ಎರಡು ಚಪ್ಪಡಿ ಕೂಡುವ ಕಡೆ ನೀರು ಇಳಿಯದಂತೆ, ಮರದ ತೊಲೆಯಂತೆ ದುಂಡಗೆ ಕಡೆದ ಉದ್ದನೆಯ ಕಲ್ಲುಪಟ್ಟಿಗಳನ್ನು ಸಂದಿನ ಮೇಲೆ ಕೂಡಿಸಿದ್ದಾರೆ. ಚಾವಣಿಯ ಮೇಲಿನ ಸಣ್ಣ ಗುಡಿಗೆ ಹತ್ತಲು ಇಟ್ಟಿರುವ ಏಣಿಯೂ ಕಲ್ಲಿನದೇ. ಮರದಲ್ಲಿ ಮನೆ ಕಟ್ಟಿ ಕೈ ಪಳಗಿದ್ದ ಬಡಿಗರ ಬುದ್ಧಿ ಕಲ್ಲಿಗೆ ಇಳಿದ ಗಳಿಗೆ ಇಲ್ಲಿ ಕಣ್ಣೆದುರು ಸಿಗುತ್ತದೆ. ಐಹೊಳೆಯ ಇನ್ನೊಂದು ಶಾಸನ ನರಸೊಬ್ಬ ಎಂಬ ಶಿಲ್ಪಿಯನ್ನು ನೆನೆಯುತ್ತದೆ. ಮನೆ, ಗುಡಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವನು ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟಲಾರ ಎಂಬ ಅರ್ಥದ ಹೊಗಳಿಕೆ. ಅದರಲ್ಲಿ ಮನೆಯ ಮಾತೂ ಬಂದಿದೆ ಎಂಬುದನ್ನು ಗಮನಿಸಬೇಕು.

ಮುಂದೆ ಊರೊಳಗೆ ನಡೆದರೆ ಹೆಸರುಗಳ ಸಾಲು: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಹುಚ್ಚಿಮಲ್ಲಿ ಗುಡಿ. ಯಾವ ದೇವರ ಗುಡಿ ಎಂದು ಕೇಳಿದರೆ ಅಷ್ಟು ಬೇಗ ಉತ್ತರ ಸಿಗುವುದಿಲ್ಲ. ಯಾರ ಗುಡಿ ಎಂದರೆ ಮಕ್ಕಳೂ ಹೇಳುತ್ತಾರೆ. ಪೂಜೆ ನಿಂತು, ಚಾಲುಕ್ಯರನ್ನು ಊರು ಮರೆತು, ಎಷ್ಟೋ ತಲೆಮಾರು ಕಳೆದ ಮೇಲೆ ಈ ಕಲ್ಲಿನ ಕಟ್ಟಡಗಳು ಬಾಳುವವರ ಮನೆಗಳಾದವು. ಗರ್ಭಗುಡಿಯಲ್ಲಿ ಜೋಳದ ಚೀಲ, ಮಂಟಪದಲ್ಲಿ ದನ, ಕಂಬಕ್ಕೆ ಒರಗಿಸಿದ ನೇಗಿಲು. ಕಲ್ಲಿನ ಮಾಡು ಸೋರದೆ ನಿಂತದ್ದಕ್ಕೆ ಅದರ ಕೆಳಗಿನ ಬದುಕೂ ಒಂದು ಕಾರಣ. ಮನೆ ಮಾಡಿದವನು ತನ್ನ ಸೂರನ್ನು ಬೀಳಗೊಡುವುದಿಲ್ಲ. ಇದನ್ನು ಹಾಳುಗೆಡವಿದ ಕತೆಯಾಗಿ ಹೇಳುವವರೇ ಹೆಚ್ಚು. ಕಾಪಾಡಿದ ಕತೆಯೂ ಇದರಲ್ಲಿದೆ.

ಅಂಬಿಗೇರ ಗುಡಿಯ ಹೆಸರಲ್ಲಿ ಹೊಳೆಯೇ ಇದೆ. ಈಚೆ ದಂಡೆಯಿಂದ ಆಚೆ ದಂಡೆಗೆ ಹರಗೋಲಿನಲ್ಲಿ ಜನ, ದನ, ಸಂತೆಯ ಸಾಮಾನು ದಾಟಿಸಿದವರು ಅಂಬಿಗರು. ಸೇತುವೆ ಬಂದ ಮೇಲೆ ಆ ಕಸುಬು ಹೋಯಿತು, ಹೆಸರು ಗುಡಿಯ ಮೇಲೆ ಉಳಿಯಿತು. ಪುರಾತತ್ವ ಇಲಾಖೆ ಈ ಗುಡಿಗಳ ಹತ್ತಿರ ಅಗೆದಾಗ ಕೆಳಗೆ ಇಟ್ಟಿಗೆಯ ಹಳೆಯ ಕಟ್ಟಡದ ತಳಪಾಯ ಸಿಕ್ಕಿದೆ. ಎಂದರೆ ಚಾಲುಕ್ಯರು ಬರುವ ಮುಂಚೆಯೇ ಇಲ್ಲಿ ಊರಿತ್ತು.

ಆ ಊರೇ ಐನೂರ್ವರದು. ಐಹೊಳೆಯ ಹಳೆಯ ಶಾಸನಗಳಲ್ಲಿ ಬರುವ ಐನೂರ್ವರು ಊರ ಮಹಾಜನರು. ಕಾಲ ಸರಿದಂತೆ ಅದೇ ಹೆಸರಿನಲ್ಲಿ ದೊಡ್ಡದೊಂದು ವರ್ತಕ ಸಂಘ ಬೆಳೆಯಿತು. ತಮ್ಮನ್ನು ಅಯ್ಯಾವೊಳೆಯ ದೇವಿಯ ಮಕ್ಕಳೆಂದು ಕರೆದುಕೊಂಡ ಈ ವ್ಯಾಪಾರಿಗಳ ನಡೆಗೆ ವೀರ ಬಣಂಜು ಧರ್ಮವೆಂದು ಹೆಸರು. ಇಂದಿನ ಬಣಜಿಗ ಎಂಬ ಹೆಸರಿಗೆ ವಿದ್ವಾಂಸರು ಅಲ್ಲಿಯೇ ಬೇರು ಕಾಣುತ್ತಾರೆ. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಅವರ ಸರಕನ್ನು ಪಟ್ಟಿ ಮಾಡುತ್ತದೆ: ಆನೆ, ಕುದುರೆ, ನೀಲ, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಚೋಳ, ಪಾಂಡ್ಯ, ಮಲೆಯಾಳದಿಂದ ಮಗಧ, ನೇಪಾಳದವರೆಗೆ ಅವರು ಮುಟ್ಟಿದ ನಾಡುಗಳನ್ನು ಹೇಳುತ್ತದೆ. ಎತ್ತಿನ ಮೇಲೆ, ಕತ್ತೆಯ ಮೇಲೆ, ಹಡಗಿನಲ್ಲಿ. ಕಾವಲಿಗೆ ತಮ್ಮದೇ ಪಡೆ. ರಾಜರು ಬದಲಾದರೂ ಸಂಘ ನಡೆಯಿತು. ತಮಿಳುನಾಡಿನಲ್ಲಿ, ಆಂಧ್ರದಲ್ಲಿ, ಶ್ರೀಲಂಕಾದಲ್ಲಿ ಅವರ ಶಾಸನಗಳಿವೆ, ಸುಮಾತ್ರಾದ ಮಾತು ಆಗಲೇ ಬಂತು. ಕನ್ನಡದ ಪಠ್ಯಪುಸ್ತಕಗಳಲ್ಲಿ ಚಾಲುಕ್ಯ ಅರಸ ಇಮ್ಮಡಿ ಪುಲಿಕೇಶಿಗೆ ಪುಟಗಟ್ಟಲೆ ಜಾಗವಿದೆ. ಐನೂರ್ವರಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಾಡಿನ ಒಂದು ಊರಿನ ಹೆಸರನ್ನು ಕಡಲಾಚೆ ಒಯ್ದದ್ದು ಅರಸನ ಕತ್ತಿಯಲ್ಲ, ಈ ವ್ಯಾಪಾರಿಗಳ ತಕ್ಕಡಿ. ಶಾಲೆಯ ಮಕ್ಕಳಿಗೆ ಇದು ತಿಳಿಯಬೇಕು.

ಪುಲಿಕೇಶಿಯ ನೆನಪು ಮೇಲೆ ಗುಡ್ಡದ ಮೇಲಿದೆ. ಮೆಟ್ಟಿಲು ಹತ್ತಿದರೆ ಮೇಗುತಿ ಬಸದಿ. ಗೋಡೆಯಲ್ಲಿ ರವಿಕೀರ್ತಿಯ ಶಾಸನ, ಶಕವರ್ಷ 556ರದು, ಎಂದರೆ ಕ್ರಿ.ಶ. 634-35. ಪುಲಿಕೇಶಿ ಹರ್ಷನನ್ನು ತಡೆದು ನಿಲ್ಲಿಸಿದ ಸಂಗತಿ ನಮಗೆ ಗೊತ್ತಾದದ್ದು ಹೆಚ್ಚಾಗಿ ಇದರಿಂದ. ಕಾಳಿದಾಸ, ಭಾರವಿಗಳ ಕಾಲ ಹೇಳಬೇಕಾದ ವಿದ್ವಾಂಸರೆಲ್ಲ ಈ ಕಲ್ಲಿಗೆ ಬರಬೇಕು, ಏಕೆಂದರೆ ರವಿಕೀರ್ತಿ ತನ್ನ ಕೀರ್ತಿಯನ್ನು ಅವರಿಬ್ಬರ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಅರಸನ ಪ್ರಶಸ್ತಿಯಲ್ಲಿ ಕವಿಯೂ ತನ್ನ ಹೆಸರು ಬಿಡಲಿಲ್ಲ. ಈ ದಂಡೆಯ ರೂಢಿಯೇ ಅದು.

ಬಸದಿಯ ಅಂಗಳದಿಂದ ಕೆಳಗೆ ನೋಡಿದರೆ ಇಡೀ ಐಹೊಳೆ. ದುರ್ಗದ ಗುಡಿಯ ಹುಲ್ಲುಹಾಸು, ಗುಡಿಗೆ ಬೆನ್ನು ಹಚ್ಚಿ ನಿಂತ ಮಣ್ಣಿನ ಮಾಳಿಗೆಗಳು, ಅಂಗಳದಲ್ಲಿ ಒಣ ಹಾಕಿದ ಮೆಣಸಿನಕಾಯಿ, ಬಣವೆ, ಹೊಲ, ಆಚೆ ಹೊಳೆ. ಓಣಿಯಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಹಿರಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತಿರುತ್ತಾರೆ. ಹೊಸಬರು ಕಂಡರೆ "ಎಲ್ಲಿಂದ ಬಂದೀರ್ರಿ? ಊಟ ಆತೇನ್ರಿ?" ಎಂದು ಕೇಳದೆ ಬಿಡುವುದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಡಿಗೆಯ ಮೊಸರು. ಈ ಊಟಕ್ಕೆ ಹೋಟೆಲಿನ ತಟ್ಟೆ ಸಮ ಬರಲಾರದು.

ಆದರೆ ಆ ಮಾಳಿಗೆಗಳಿಗೆ ಒಂದು ದೊಡ್ಡ ಚಿಂತೆಯಿದೆ. ಐಹೊಳೆಯನ್ನೂ ಪಟ್ಟದಕಲ್ಲನ್ನೂ ಬೇರೆಡೆಗೆ ಎಬ್ಬಿಸುವ ಮಾತು ದಶಕಗಳಿಂದ ನಡೆದಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 2010ರಲ್ಲಿ ಕಾನೂನು ಬಿಗಿಯಾದ ಮೇಲೆ ಇದು ಇನ್ನೂ ಕಟ್ಟುನಿಟ್ಟು. ಹೆಜ್ಜೆಗೊಂದು ಗುಡಿಯಿರುವ ಐಹೊಳೆಯಲ್ಲಿ ಎಲ್ಲಿ ನಿಂತರೂ ಯಾವುದೋ ಒಂದು ಸ್ಮಾರಕದ ನೂರು ಮೀಟರಿನ ಒಳಗೆ ನಿಂತಂತೆಯೇ. ಬಿದ್ದ ಗೋಡೆ ಎಬ್ಬಿಸಲು ಅಪ್ಪಣೆ ಬೇಕು, ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸುವಂತಿಲ್ಲ. ಇವತ್ತು ಎಬ್ಬಿಸುತ್ತಾರೋ ನಾಳೆ ಎಬ್ಬಿಸುತ್ತಾರೋ ಗೊತ್ತಿಲ್ಲದವರು ಮನೆಗೆ ಸುಣ್ಣ ಬಳಿಯಲೂ ಹಿಂದೆಮುಂದೆ ನೋಡುತ್ತಾರೆ.

ಗುಡಿಗಳು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಶಿಲ್ಪಕ್ಕೆ ಗೋಡೆ ಹಚ್ಚಿ ಕಟ್ಟಿದ ಮನೆಗಳನ್ನು ಸರಿಸಲೇಬೇಕಾದೀತು. ಅಲ್ಲಿ ಇರುವವರಲ್ಲೇ ಹಲವರು ಒಳ್ಳೆಯ ಮನೆ ಸಿಕ್ಕರೆ ಹೋಗಲು ಸಿದ್ಧರಿರಬಹುದು. ಆದರೆ ಊರನ್ನೇ ಖಾಲಿ ಮಾಡಿ ಹುಲ್ಲು ಹಾಸಿದರೆ ಅಂಬಿಗರಿಲ್ಲದ ಅಂಬಿಗೇರ ಗುಡಿ, ಬಡಿಗರಿಲ್ಲದ ಬಡಿಗೇರ ಗುಡಿ ಉಳಿಯುತ್ತವೆ. ಚಾಲುಕ್ಯರ ಕಾಲದಿಂದ ಇಂದಿನವರೆಗೆ ಮುರಿಯದೆ ಬಾಳಿದ ಊರೆಂಬುದೇ ಐಹೊಳೆಯ ದೊಡ್ಡಸ್ತಿಕೆ. ಅದನ್ನು ಕಳೆದು ಕಲ್ಲನ್ನಷ್ಟೇ ಇಟ್ಟುಕೊಳ್ಳುವುದು ಅರೆಬರೆ ಕೆಲಸ. ಸರಕಾರ ಯಾವುದನ್ನು ಎಬ್ಬಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಊರವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು, ತಾರೀಕು ಹಾಕಿ ಹೇಳಬೇಕು. ಹೊಸ ಜಾಗ ಕೊಡುವುದಾದರೆ ಹೊಲಕ್ಕೂ ಹೊಳೆಗೂ ಹತ್ತಿರ ಇರಬೇಕು, ನೆರೆಗೆ ಸಿಗದ ಎತ್ತರದಲ್ಲಿರಬೇಕು. ಆಸರೆ ಮನೆಗಳಿಂದ ಕಲಿಯಬೇಕಾದದ್ದು ಬಹಳವಿದೆ. ಹೊಲದಿಂದ ದೂರವಾದರೆ ಮನೆ ಕೊಟ್ಟರೂ ಜನ ಹಳೆಯ ಊರಿಗೇ ಮರಳುತ್ತಾರೆ.

ಹೋಗುವವರು ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ಹೋಗಬೇಕು. ಹೊಳೆಯಲ್ಲಿ ಆಗ ನೀರಿರುತ್ತದೆ, ಬಿಸಿಲು ತಡೆಯುವಷ್ಟಿರುತ್ತದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರು, ಬಸ್ಸುಗಳಿವೆ. ಶಿವಯೋಗ ಮಂದಿರಕ್ಕೂ ಐಹೊಳೆಗೂ ಗಾಡಿ ಮಾಡಿಕೊಳ್ಳುವುದು ಸುಲಭ. ಎರಡು ದಿನ ಇಟ್ಟುಕೊಳ್ಳಿ: ಮೊದಲ ದಿನ ಬನಶಂಕರಿ, ಶಿವಯೋಗ ಮಂದಿರ, ಪಟ್ಟದಕಲ್ಲು, ಎರಡನೆಯ ದಿನ ಪೂರ್ತಿ ಐಹೊಳೆ. ಟಿಕೇಟು ಕೇಳುವ ಅಂಗಳ ನೋಡಿ ಹಿಂದಿರುಗಬೇಡಿ. ಊರ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು, ಅವನಿಗೆ ಸಲ್ಲಬೇಕಾದದ್ದು ಕೊಟ್ಟು, ಓಣಿಗಳಲ್ಲಿ ನಡೆಯಿರಿ. ಗುಡಿಯ ದೇವರು ಯಾರೆಂದು ಕೇಳಿದ ಮೇಲೆ, ಅದು ಯಾರ ಗುಡಿ ಎಂದೂ ಕೇಳಿ.